ಬಯಲು ಶಿಲ್ಪ ಪ್ರದರ್ಶನಕ್ಕೆ ಎಂಟ್ರಿ ಹಾಕೋದು ಹೇಗೆ?

ಗ್ಯಾಲರಿ ಶೋಗಳಿಗೆ ಅರ್ಜಿ ಹಾಕಿ ಅಭ್ಯಾಸ ಇರೋ ಶಿಲ್ಪಿಗಳು ಬಯಲು ಪ್ರದರ್ಶನ ಅಂದ್ರೆ ಅದೇ ಕೆಲಸಾನ ಹೊರಗಡೆ ಇಡೋದು ಅಷ್ಟೇ ಅನ್ಕೋತಾರೆ. ಅಲ್ಲ. ಜ್ಯೂರಿ, ಅಂದ್ರೆ ಕೆಲಸಗಳನ್ನ ಆರಿಸೋ ತೀರ್ಪುಗಾರರು, ಕೂತಾಗ ಅವರ ತಲೇಲಿ ಎರಡು ಪ್ರಶ್ನೆ ಓಡ್ತಿರುತ್ತೆ, ಇದು ಚೆನ್ನಾಗಿದ್ಯಾ ಅನ್ನೋದು ಒಂದು, ಇದು ಯಾರ ಮೇಲಾದ್ರೂ ಬೀಳುತ್ತಾ ಅನ್ನೋದು ಇನ್ನೊಂದು. ಎರಡನೇದಕ್ಕೆ ನಿಮ್ಮ ಅರ್ಜೀಲೇ ಉತ್ತರ ಇರ್ಬೇಕು.

ಮೊದಲು ಅರ್ಜಿ ಕರೆದಿರೋ ಪ್ರಕಟಣೆ ಪೂರ್ತಿ ಓದಿ. ಎಷ್ಟು ತಿಂಗಳು ಇಡ್ಬೇಕು, ಸಾಗಾಟ ಯಾರದ್ದು, ಕ್ರೇನ್ ಯಾರದ್ದು, ಇನ್ಶೂರೆನ್ಸ್ ಯಾರ ಹೆಸರಲ್ಲಿ, ಮಾರಾಟ ಆದ್ರೆ ಕಮಿಷನ್ ಎಷ್ಟು. ಗೌರವಧನ ಅಂತ ಕೊಡೋದು ಎಷ್ಟೋ ಸಲ ಲಾರಿ ಬಾಡಿಗೆಗೇ ಸರಿಹೋಗುತ್ತೆ, ಹಾಗಾಗಿ ಲೆಕ್ಕ ಹಾಕಿ ಆಮೇಲೆ ಮುಂದುವರೀರಿ.

ಆಮೇಲೆ ಜಾಗ. ಸಾಧ್ಯ ಆದ್ರೆ ಖುದ್ದಾಗಿ ಹೋಗಿ ನೋಡ್ಕೊಂಡು ಬನ್ನಿ. ಜರ್ಮನಿಯ ಮ್ಯೂನ್‌ಸ್ಟರ್‌ನಲ್ಲಿ 1977ರಿಂದ 10 ವರ್ಷಕ್ಕೊಮ್ಮೆ ನಡೆಯೋ ಶಿಲ್ಪ ಪ್ರದರ್ಶನ ಇದೆ, ಅಲ್ಲಿಗೆ ಕಲಾವಿದರು ಅರ್ಜಿ ಹಾಕೋ ಹಾಗಿಲ್ಲ, ಆಹ್ವಾನ ಮಾತ್ರ, ಆದ್ರೆ ಕಲಾವಿದರು ಜಾಗಕ್ಕೆ ತಕ್ಕ ಹಾಗೆ ಕೆಲಸ ಮಾಡೋ ರೀತಿ ನೋಡಿ ಕಲಿಯೋದಿದೆ. ಸ್ಟುಡಿಯೋದಲ್ಲಿ ಸೂರು ಮುಟ್ಟೋ ಶಿಲ್ಪ ಬಯಲಲ್ಲಿ ಪಾಪ ಕುಳ್ಳಗೆ ಕಾಣುತ್ತೆ.

ಈಗ ಗಾಳಿ. ಇದನ್ನ ಜನ ಹಗುರಾಗಿ ತಗೋತಾರೆ. ಗಾಳಿ ವೇಗ ಎರಡು ಪಟ್ಟು ಆದ್ರೆ ಒತ್ತಡ ನಾಲ್ಕು ಪಟ್ಟು ಆಗುತ್ತೆ. ಗಂಟೆಗೆ 144 ಕಿ.ಮೀ. ಗಾಳಿ ಬೀಸಿದ್ರೆ ಪ್ರತಿ ಚದರ ಮೀಟರಿಗೆ ಸುಮಾರು 100 ಕೆ.ಜಿ. ತಳ್ಳಿದ ಹಾಗೆ, ಅದೂ ಎತ್ತರದಲ್ಲಿ ತಳ್ಳಿದ್ರೆ ಬುಡಕ್ಕೆ ಬೀಳೋ ಭಾರ ಇನ್ನೂ ಜಾಸ್ತಿ. ಅದಕ್ಕೇ ಅಗಲವಾದ ತಗಡಿನ ಕೆಲಸ ಆದ್ರೆ ಬೇಸ್ ಪ್ಲೇಟ್ (ಬುಡದ ತಟ್ಟೆ) ಅಳತೆ, ಅದನ್ನ ಕಾಂಕ್ರೀಟ್‌ಗೆ ಹಿಡಿಸೋ ಆಂಕರ್ ಬೋಲ್ಟ್ ಎಷ್ಟು, ಕಾಂಕ್ರೀಟ್ ಎಷ್ಟು ಆಳ ಅಂತ ಒಬ್ಬ ಸ್ಟ್ರಕ್ಚರಲ್ ಎಂಜಿನಿಯರ್ ಹತ್ರ ಡ್ರಾಯಿಂಗ್ ಮಾಡ್ಸಿ, ಸಹಿ ಹಾಕ್ಸಿ, ಅರ್ಜಿ ಜೊತೆ ಕೊಡಿ. ಕಲ್ಲಿನ ಕೆಲಸ ಆದ್ರೆ ತೂಕ ಬರೀರಿ, ಗ್ರಾನೈಟ್ ಒಂದು ಘನ ಮೀಟರಿಗೆ ಸುಮಾರು 2,700 ಕೆ.ಜಿ., ಕ್ರೇನ್ ತರೋರಿಗೆ ಮೊದಲು ಬೇಕಾಗೋದೇ ಅದು.

ಮೆಟೀರಿಯಲ್ ವಿಷಯ ಚುಟುಕಾಗಿ ಹೇಳ್ತೀನಿ. ಕೋರ್ಟೆನ್ ಸ್ಟೀಲ್, ಅಂದ್ರೆ ಮೇಲಿನ ತುಕ್ಕಿನ ಪದರವೇ ರಕ್ಷಣೆ ಆಗೋ ಉಕ್ಕು, ಚಂದವೇ, ಆದ್ರೆ ಮೊದಮೊದಲು ಮಳೇಲಿ ತುಕ್ಕಿನ ನೀರು ಇಳಿದು ಕೆಳಗಿನ ಕಲ್ಲುಹಾಸು ಕೆಂಪಾಗುತ್ತೆ. ಮಾಮೂಲಿ ಕಬ್ಬಿಣಕ್ಕೆ ಸ್ಟೇನ್‌ಲೆಸ್ ನೇರವಾಗಿ ತಾಗಿ ಒದ್ದೆ ಆದ್ರೆ ಕಬ್ಬಿಣ ಬೇಗ ತಿಂದುಹೋಗುತ್ತೆ, ಮಧ್ಯೆ ನೈಲಾನ್ ವಾಷರ್ ಹಾಕಿ. ಸಮುದ್ರದ ಹತ್ರ ಆದ್ರೆ ಸ್ಟೇನ್‌ಲೆಸ್‌ನಲ್ಲಿ 304 ಗ್ರೇಡ್ ಬೇಡ, 316 ಗ್ರೇಡ್ ತಗೊಳ್ಳಿ. ಎಲ್ಲಾದ್ರೂ ನೀರು ನಿಲ್ಲೋ ಹಳ್ಳ ಇದ್ರೆ ತೂತು ಕೊರೀರಿ.

ಇನ್ನು ಮಕ್ಕಳು. ಹತ್ತಬೇಡಿ ಅನ್ನೋ ಬೋರ್ಡ್ ಯಾರೂ ಓದಲ್ಲ, ಹತ್ತೇ ಹತ್ತುತಾರೆ ಅಂತ್ಲೇ ಡಿಸೈನ್ ಮಾಡಿ. ಆಟದ ಸಲಕರಣೆಗಳಲ್ಲಿ 9ರಿಂದ 23 ಸೆಂ.ಮೀ. ಸಂದು ಇದ್ರೆ ಮಗುವಿನ ತಲೆ ಸಿಕ್ಕಿಹಾಕ್ಕೊಳ್ಳೋ ಅಪಾಯ ಅಂತ ಲೆಕ್ಕ, ಇಲ್ಲೂ ಅದೇ ಅಳತೆ ಹಿಡೀರಿ. ಚೂಪು ತುದಿ ಇದ್ರೆ ಕೈ ಎಟುಕದಷ್ಟು ಮೇಲಿರಲಿ.

ಫೋಟೋಗೆ ಬರೋಣ, ಎಂಟ್ರಿ ಗೆಲ್ಲೋದೂ ಸೋಲೋದೂ ಬಹುಪಾಲು ಇಲ್ಲೇ. ಬಿಳಿ ಪರದೆ ಮುಂದೆ ತೆಗೆದ ಫೋಟೋ ನೋಡಿ ಅದು ಕೈಯಷ್ಟಿದ್ಯಾ ಮನೆಯಷ್ಟಿದ್ಯಾ ಗೊತ್ತಾಗಲ್ಲ, ಪಕ್ಕ ಒಬ್ಬರನ್ನ ನಿಲ್ಲಿಸಿ ಒಂದು ಫೋಟೋ ಇರ್ಲಿ. ಬಯಲು ಶಿಲ್ಪದ ಸುತ್ತ ಜನ ಓಡಾಡ್ತಾರೆ, ಬೆನ್ನು ಕಡೆ ಹೇಗಿದೆ ಅನ್ನೋದೂ ತೋರಿಸಿ. ಕೆಲಸ ಇನ್ನೂ ಆಗಿಲ್ಲ ಅಂದ್ರೆ ಮಣ್ಣಲ್ಲೋ ರಟ್ಟಲ್ಲೋ ಸಣ್ಣ ಮಾದರಿ ಮಾಡಿ ಬಿಸಿಲಲ್ಲಿ, ಕಣ್ಣಿನ ಮಟ್ಟಕ್ಕೆ ಕ್ಯಾಮೆರಾ ಇಳಿಸಿ ತೆಗೀರಿ, ಕಂಪ್ಯೂಟರ್ ಚಿತ್ರಕ್ಕಿಂತ ನಂಗೆ ಇದೇ ಮೇಲು ಅನ್ಸುತ್ತೆ.

ಅರ್ಜಿ ಜೊತೆ ಕೆಲಸದ ಬಗ್ಗೆ ಬರೆಯೋ ಟಿಪ್ಪಣಿ ಅರ್ಧ ಪುಟ ಸಾಕು. ಮನುಕುಲ, ಅಸ್ತಿತ್ವ ಅಂತೆಲ್ಲ ಎಳೀಬೇಡಿ, ಈ ಜಾಗದಲ್ಲಿ ಇದು ಯಾಕೆ ಅಂತ ಹೇಳಿ.

ಆಯ್ಕೆ ಆದ್ರೆ ನಿಲ್ಲಿಸೋ ದಿನಾನೇ ಬಿಚ್ಚೋ ದಿನದ ಯೋಚನೆ ಮಾಡಿ. ಎತ್ತೋಕೆ ಕೊಕ್ಕೆ ಎಲ್ಲಿ ಹಾಕ್ಬೇಕು ಅಂತ ಫೋಟೋ ತೆಗೆದಿಟ್ಕೊಳ್ಳಿ, ನಟ್ ಬಿಗಿಯೋ ಮುಂಚೆ ಬೋಲ್ಟ್‌ನ ತಿರುಪಿಗೆ ಗ್ರೀಸ್ ಹಚ್ಚಿ, ಇಲ್ಲಾಂದ್ರೆ ಆರು ತಿಂಗಳ ಮಳೆ ಬಿದ್ದ ಮೇಲೆ ಸ್ಪ್ಯಾನರ್‌ಗೆ ಬಗ್ಗಲ್ಲ, ಕಟರ್ ಹಾಕಿ ಕೊಯ್ಯಬೇಕಾಗುತ್ತೆ.