ಮೊದ್ಲ ತೂಕ, ಆಮ್ಯಾಲ ಮೋಟರ್: ನನ್ನ ಕ್ವಾಡ್‌ಕಾಪ್ಟರ್ ಅನುಭವ

ನಾ ಹುಬ್ಬಳ್ಳಿಯಂವ, ಪುಣೆಗೆ ಬಂದು ಎಂಟು ವರ್ಷ ಆತು. ಮೊದಲ್ನೇ ಕ್ವಾಡ್‌ಕಾಪ್ಟರ್ (ನಾಕು ರೆಕ್ಕಿ ಡ್ರೋನ್) ಕಟ್ಟುವಾಗ ನಾ ಮಾಡಿದ ಹುಚ್ಚುತನ ಅಂದ್ರ ತೂಕ ಎಷ್ಟಾಗ್ತದ ಅಂತ ನೋಡದನ ಬುಧವಾರ ಪೇಠದ ತಪಕೀರ ಗಲ್ಲಿಗೆ ಹೋಗಿ ನಾಕು ಮೋಟರ್ ತಂದದ್ದು. ಎ2212 ಮಾಡೆಲ್, 1400 ಕೆವಿ. ಕೆವಿ ಜಾಸ್ತಿ ಇದ್ರ ತಾಕತ್ತು ಜಾಸ್ತಿ ಅಂತ ತಿಳ್ಕೊಂಡಿದ್ದೆ ನೋಡ್ರಿ! 10 ಇಂಚಿನ ಪ್ರೊಪೆಲ್ಲರ್ (ರೆಕ್ಕಿ) ನಡೀತದೇನು ಅಂದ್ರ ಅಂಗಡಿಯಂವಾ "ಚಾಲೇಲ್, ಚಾಲೇಲ್" (ನಡೀತದ, ನಡೀತದ) ಅಂದ, ನಾನೂ ಹೌದಂದೆ.

ಟೆರೇಸ್ ಮ್ಯಾಲ ಎರಡು ನಿಮಿಷ ಓಡಿಸೋದ್ರೊಳಗ ಮೋಟರ್ ಮುಟ್ಟಲಿಕ್ಕಾಗದಷ್ಟು ಬಿಸಿ, ತಂತಿ ಸುಟ್ಟ ವಾಸನಿ, ಒಂದು ಇಎಸ್‌ಸಿ (ಮೋಟರಿನ ವೇಗ ಹಿಡಿತದಾಗ ಇಡೋ ಸರ್ಕೀಟು) ಸಣ್ಣಗ ಹೊಗಿ ಬಿಟ್ಟು ಕಣ್ಮುಚ್ಚಿತು.

ಆಮ್ಯಾಲ ಕುಂತು ಓದಿದಾಗ ತಿಳೀತು, ಕೆವಿ ಅಂದ್ರ ಲೋಡ್ ಇಲ್ಲದಾಗ ಒಂದು ವೋಲ್ಟಿಗೆ ಎಷ್ಟು ಆರ್‌ಪಿಎಂ ಅನ್ನೋದು ಅಷ್ಟ, ತಾಕತ್ತಲ್ಲ. ಹೆಚ್ಚಿನ ಕೆವಿಗೆ ಸಣ್ಣ ರೆಕ್ಕಿ, ಕಡಿಮಿ ಕೆವಿಗೆ ದೊಡ್ಡ ರೆಕ್ಕಿ. ಒಂದೇ ವೇಗದಾಗ 8 ಇಂಚು ತಿರುಗಿಸೋದಕ್ಕೂ 10 ಇಂಚು ತಿರುಗಿಸೋದಕ್ಕೂ ಪವರ್ ಸುಮಾರು ಮೂರು ಪಟ್ಟು ವ್ಯತ್ಯಾಸ ಬರ್ತದ, ಎರಡೇ ಇಂಚು ಅಲ್ಲೇನು ಅಂತ ನಾ ಅಂದ್ಕೊಂಡಿದ್ದೆ.

ಎರಡನೇ ಸಲ ಅಡಗಿಮನಿ ಡಿಜಿಟಲ್ ತಕ್ಕಡಿ ತಗೊಂಡು ಕುಂತೆ, ಅವ್ವನ ಬೈಗುಳ ಬ್ಯಾರೆ. ಎಫ್450 ಫ್ರೇಮ್ 280 ಗ್ರಾಂ, ಹೊಸಾ 1000 ಕೆವಿ ಮೋಟರ್ ನಾಕೂ ಕೂಡಿ 220, ಇಎಸ್‌ಸಿ 100, ಫ್ಲೈಟ್ ಕಂಟ್ರೋಲರ್ ಜಿಪಿಎಸ್ ರಿಸೀವರ್ ಎಲ್ಲಾ ಹಿಡಿದು 100, ಪ್ರೊಪೆಲ್ಲರ್ 40, 3ಎಸ್ (ಮೂರು ಸೆಲ್ಲಿನ) 2200 ಎಂಎಎಚ್ ಬ್ಯಾಟರಿ 185, ಇನ್ನ ವೈರು, ಸ್ಕ್ರೂ, ಕಾಲು, ಟೇಪು ಅಂತ 105. ಈ ಕಡೀದನ್ನ ಯಾರೂ ಲೆಕ್ಕಾ ಹಿಡಿಯಂಗಿಲ್ಲ, ಅದ ಮೋಸ ಮಾಡೋದು. ಒಟ್ಟು 1030 ಗ್ರಾಂ. ಪೂರ್ತಿ ಥ್ರಾಟಲ್‌ನಾಗ (ವೇಗ ಪೂರ್ತಿ ಕೊಟ್ಟಾಗ) ಇದರ ಎರಡು ಪಟ್ಟಾದ್ರೂ ಎಳೀಬೇಕು, ಅಂದ್ರ ಒಂದು ಮೋಟರಿಗೆ ಕಡಿಮಿ ಅಂದ್ರ 515 ಗ್ರಾಂ.

ಡಬ್ಬಿ ಮ್ಯಾಲ ಬರದದ್ದು ನಂಬಲಿಲ್ಲ. ಒಂದು ಇಟ್ಟಂಗಿಗೆ ಕಟ್ಟಿಗಿ ತುಂಡು ನಿಲ್ಲಿಸಿ ಅದರ ತುದಿಗೆ ಮೋಟರ್ ಬಿಗಿದು ತಕ್ಕಡಿ ಮ್ಯಾಲ ಇಟ್ಟೆ. ಮೊದ್ಲ ಗಾಳಿ ಕೆಳಗ ಬಿಟ್ಟೆ, ಅದು ತಕ್ಕಡಿ ತಟ್ಟಿಗೇ ಬಡಿದು ನಂಬರ್ ಕುಣೀತಿತ್ತು. ಪ್ರೊಪೆಲ್ಲರ್ ಬೋರಲು ಹಾಕಿ, ಮೋಟರಿನ ಮೂರು ವೈರಿನಾಗ ಯಾವುದರ ಎರಡು ಅದಲಬದಲ ಮಾಡಿದ್ರ ಉಲ್ಟಾ ತಿರಗ್ತದ, ಗಾಳಿ ಮ್ಯಾಲ ಹೋಗ್ತದ, ಇಟ್ಟಂಗಿ ಕೆಳಗ ಒತ್ತತದ. ಝೀರೋ ಮಾಡಿ ಥ್ರಾಟಲ್ ಕೊಟ್ಟೆ, 10 ಇಂಚಿನ 4.5 ಪಿಚ್ (ಒಂದು ಸುತ್ತಿಗೆ ಎಷ್ಟು ಇಂಚು ಮುಂದ ಹೋಗ್ತದ ಅನ್ನೋ ಲೆಕ್ಕ) ರೆಕ್ಕಿಗೆ 700 ಗ್ರಾಂ ಹತ್ರ ತೋರಿಸ್ತು. ಸಾಕು. (ಮುಖ ದೂರ ಇಡ್ರಿ, ನಾ ಹೆಲ್ಮೆಟ್ ಹಾಕ್ಕೊಂಡು ಮಾಡೀನಿ, ಮಂದಿ ನಕ್ಕರು.)

ಬ್ಯಾಟರಿದಾಗ ಮತ್ತ ಎಡವಿದೆ. 2200ದಾಗ ಹೋವರ್ ಮಾಡುವಾಗ (ಗಾಳ್ಯಾಗ ಒಂದೇ ಕಡೆ ನಿಂತಾಗ) 14 ಆಂಪಿಯರ್ ಎಳೀತಿತ್ತು, 80 ಪರ್ಸೆಂಟಷ್ಟ ಬಳಸಿದ್ರ ಏಳೂವರಿ ನಿಮಿಷ. 5200 ಹಾಕಿದೆ, 370 ಗ್ರಾಂ, ಕರೆಂಟ್ 18ಕ್ಕ ಏರಿತು, 14 ನಿಮಿಷ ಸಿಕ್ತು. ಎರಡು ಪಟ್ಟು ಮೀರಿ ಬ್ಯಾಟರಿ, ಟೈಮ್ ಎರಡು ಪಟ್ಟೂ ಇಲ್ಲ. ಆಸೆ ಬಿಡ್ತದೇನು, ಎರಡು 5200 ಪ್ಯಾರಲಲ್ ಹಾಕಿದ್ರ ಹೆಂಗ ಅಂತ ಲೆಕ್ಕಾ ಹಾಕಿದೆ, ತೂಕ 1585, ಸಿಗೋದು 19 ನಿಮಿಷದ ಒಳಗ, ಥ್ರಸ್ಟ್ (ಎಳೆಯೋ ಬಲ) ತೂಕದ ಎರಡು ಪಟ್ಟಿಗಿಂತ ಕೆಳಗ ಬೀಳ್ತದ, ಗಾಳಿ ಬೀಸಿದ್ರ ಹಿಡಿಯೋದು ಕಷ್ಟ. ಬಿಟ್ಟೆ. ಸಿ ರೇಟಿಂಗೂ (ಬ್ಯಾಟರಿ ತನ್ನ ಆಂಪಿಯರ್-ಅವರಿನ ಎಷ್ಟು ಪಟ್ಟು ಕರೆಂಟ್ ಕೊಡ್ತದ ಅನ್ನೋದು) ನೋಡ್ರಿ: 2200 20ಸಿ ಅಂದ್ರ 44 ಆಂಪಿಯರ್, ನಾಕು ಮೋಟರ್ ಪೂರ್ತಿ ಓಡಿದ್ರ 48ರ ಮ್ಯಾಲ ಬೇಕು. ನನ್ನ ಮೊದಲ್ನೇ ಬ್ಯಾಟರಿ ಪುರಿಯಂಗ ಉಬ್ಬಿದ್ದು ಅದಕ್ಕ. 5200 20ಸಿ 104 ಕೊಡ್ತದ, ಲೇಬಲ್‌ನಾಗ ಅರ್ಧ ಸುಳ್ಳಿದ್ರೂ ನಡೀತದ.

250 ಗ್ರಾಂ ದಾಟಿದ್ದಕ್ಕ ಸರ್ಕಾರದ ಡ್ರೋನ್ ನಿಯಮದಾಗ ಇದು ಮೈಕ್ರೋ ವರ್ಗಕ್ಕ ಬರ್ತದ. ಪುಣೆ ಅಂದ್ರ ಲೋಹಗಾಂವ ಏರ್‌ಪೋರ್ಟ್ ಇರೋ ಊರು, ಹಂಗಾಗಿ ಡಿಜಿಟಲ್ ಸ್ಕೈ ಮ್ಯಾಪ್ (ಡ್ರೋನ್ ಎಲ್ಲೆ ಹಾರಿಸಬಹುದು ಅಂತ ತೋರಿಸೋ ಸರ್ಕಾರದ ನಕ್ಷೆ) ನೋಡದನ ಹಾರಸಂಗಿಲ್ಲ.

ಈಗ ಅರ್ಧ ಥ್ರಾಟಲಿಗೆ ಒಂಚೂರು ಹೆಚ್ಚಿನಾಗ ಹೋವರ್ ಆಗ್ತದ, ಮೋಟರ್ ಮುಟ್ಟಿದ್ರ ಉಗುರುಬೆಚ್ಚಗ. ಕ್ಯಾಮೆರಾ ತಂದೀನಿ, 110 ಗ್ರಾಂ, ಇನ್ನೂ ಕೂಡ್ರಿಸಿಲ್ಲ, ತಕ್ಕಡಿ ಅವ್ವ ಒಯ್ದು ಮುಚ್ಚಿಟ್ಟಾಳ.