ಬಿಳಿ ಗೆರೆ ಮೊದಲು, ಗುದ್ದಲಿ ಆಮೇಲೆ

ಗುಂಡಿ ಎಲ್ಲಿ ಬೇಕು ಎಂದು ಕೇಳಿದರೆ ಹೆಚ್ಚಿನವರು ಕೈ ಬೀಸಿ ‘ಇಲ್ಲಿಂದ ಅಲ್ಲಿಯವರೆಗೆ’ ಎನ್ನುತ್ತಾರೆ. ನೆಲದಡಿಯ ಕೇಬಲ್, ಕೊಳವೆಗಳನ್ನು ಗುರುತಿಸಲು ಬರುವವರಿಗೆ ಅಷ್ಟು ಸಾಲದು. ಅವರು ಬರುವ ಮೊದಲೇ, ಅಗೆಯುವ ಜಾಗಕ್ಕೆ ಬಿಳಿ ಗೆರೆ ಹಾಕಿಡಿ. ಚೌಕದ ಗುಂಡಿಯಾದರೆ ನಾಲ್ಕೂ ಮೂಲೆ. ಉದ್ದನೆಯ ಕಾಲುವೆಯಾದರೆ ನಡುಗೆರೆ, ಜೊತೆಗೆ ಅಗಲ. ಇರಲಿ ಎಂದು ಇಡೀ ಅಂಗಳವನ್ನು ಸುತ್ತುವರಿದರೆ ಅವರ ದಿನವೂ ಹಾಳು, ಗುರುತುಗಳ ಜಾತ್ರೆಯಲ್ಲಿ ನಿಮಗೂ ಗೊಂದಲ.

ಗಟ್ಟಿ ನೆಲಕ್ಕೆ ಸ್ಪ್ರೇ ಬಣ್ಣ, ಮಣ್ಣಿಗೆ ಸುಣ್ಣದ ಪುಡಿ ಸಾಕು. ಕಬ್ಬಿಣದ ಗೂಟ ಹೊಡೆಯುವ ಉತ್ಸಾಹ ಬೇಡ. ಮೇಲ್ಮಟ್ಟದಲ್ಲೇ ಹಾದುಹೋದ ಕೇಬಲ್ಲಿಗೆ ಮೊದಲ ಏಟು ಆ ಗೂಟದಿಂದಲೇ ಬಿದ್ದೀತು.

ನೀರು, ವಿದ್ಯುತ್, ಅನಿಲ, ದೂರವಾಣಿ, ಒಳಚರಂಡಿ: ಎಲ್ಲರಿಂದಲೂ ನಕ್ಷೆ ಕೇಳಿ. ಮೀಟರ್ ದಾಟಿ ಕಟ್ಟಡದತ್ತ ಬಂದ ಖಾಸಗಿ ಲೈನುಗಳು ಅವುಗಳಲ್ಲಿ ಸಾಮಾನ್ಯವಾಗಿ ಇರುವುದಿಲ್ಲ. ಗುರುತಿಸಲು ಬಂದವರು ಲೈನುಗಳ ಮೇಲೆ ಎಳೆಯುವ ಗೆರೆಗಳ ಬಣ್ಣದ ಸಂಕೇತವೂ ಎಲ್ಲೆಡೆ ಒಂದೇ ಅಲ್ಲ. ಅಮೆರಿಕದಲ್ಲಿ ಕೆಂಪು ವಿದ್ಯುತ್ತಿಗೆ, ಹಳದಿ ಅನಿಲಕ್ಕೆ, ನೀಲಿ ಕುಡಿಯುವ ನೀರಿಗೆ, ಹಸಿರು ಒಳಚರಂಡಿಗೆ. ನಿಮ್ಮಲ್ಲಿ ಯಾವುದು ಏನೆಂದು ಗೆರೆ ಎಳೆದವರನ್ನೇ ಕೇಳಿ.

ಇನ್ನು ಆ ಗೆರೆಯನ್ನು ಎಷ್ಟು ನಂಬಬೇಕು? ಅಂದಾಜು ಎನ್ನುವಷ್ಟು ಮಾತ್ರ. ಶೋಧಕ ಯಂತ್ರಕ್ಕೆ ಲೋಹ ಸಿಗುತ್ತದೆ. ಪ್ಲಾಸ್ಟಿಕ್ ಕೊಳವೆ, ಜೊತೆಗೆ ತಂತಿ ಹಾಕಿರದಿದ್ದರೆ, ಸಿಗುವುದಿಲ್ಲ. ನೆಲದೊಳಕ್ಕೆ ರೇಡಿಯೊ ಅಲೆ ಕಳಿಸಿ ಹುಡುಕುವ ರೇಡಾರ್ ಹಸಿ ಜೇಡಿಮಣ್ಣಿನಲ್ಲಿ ಮಂಕಾಗುತ್ತದೆ. ಅಕ್ಕಪಕ್ಕ ಎರಡು ಕೇಬಲ್ ಇದ್ದರೆ ಗುರುತು ಪಕ್ಕಕ್ಕೆ ಸರಿಯುವುದೂ ಉಂಟು. ಆಳದ ಅಂಕಿಯನ್ನಂತೂ ನಾನು ಲೆಕ್ಕಕ್ಕೇ ಇಟ್ಟುಕೊಳ್ಳುವುದಿಲ್ಲ.

ಆದ್ದರಿಂದ ಜೆಸಿಬಿ ಇಳಿಸುವ ಮುನ್ನ ಕೈಯಿಂದಲೇ ಪರೀಕ್ಷಾ ಗುಂಡಿ ತೋಡಿ. ಹಾರೆ, ಪಿಕಾಸಿ ದೂರವಿರಲಿ. ಸನಿಕೆಯನ್ನು ಗೆರೆಯ ನೆತ್ತಿಗೆ ಊರದೆ, ತುಸು ಪಕ್ಕದಲ್ಲಿ ಇಳಿದು, ಅಲ್ಲಿಂದ ಅಡ್ಡಕ್ಕೆ ತೆಳುವಾಗಿ ಮಣ್ಣು ಕೆರೆಯುತ್ತ ಬನ್ನಿ. ಬಣ್ಣದ ಪ್ಲಾಸ್ಟಿಕ್ ಪಟ್ಟಿ, ಇಟ್ಟಿಗೆ ಸಾಲು ಅಥವಾ ಸುತ್ತಲಿನ ಮಣ್ಣಿಗೆ ಹೊಂದದ ನಯವಾದ ಮರಳು ಕಂಡರೆ ಕೈ ತಡೆಯಿರಿ. ಕೇಬಲ್ ಹಾಸಿದವರು ಅದರ ಮೇಲೆ ಹೊದಿಸಿ ಹೋದದ್ದು ಅದು. ಲೈನು ಕಣ್ಣಿಗೆ ಬಿದ್ದ ಮೇಲೆ ಅದರ ಆಳ, ದಿಕ್ಕು ಬರೆದುಕೊಳ್ಳಿ. ಕಾಲುವೆ ಉದ್ದವಿದ್ದರೆ ಇನ್ನೊಂದು ಕಡೆಯೂ ತೋಡಿ ನೋಡಿ. ಕೇಬಲ್ ನೇರವಾಗಿಯೇ ಸಾಗಬೇಕೆಂದಿಲ್ಲ.

ಗುರುತುಗಳ ಫೋಟೊ ತೆಗೆದು, ಗೋಡೆಯಿಂದಲೋ ಕಂಬದಿಂದಲೋ ಅವುಗಳ ದೂರ ಅಳೆದಿಡಿ. ಒಂದು ಮಳೆ ಸಾಕು ಸುಣ್ಣ ಕರಗಲು, ನಾಲ್ಕು ಲಾರಿ ಸಾಕು ಬಣ್ಣ ಸವೆಯಲು. ಗೆರೆ ಅಳಿಸಿಹೋದರೆ ನೆನಪಿನ ಮೇಲೆ ತಿದ್ದಬೇಡಿ, ಗುರುತು ಹಾಕಿದವರನ್ನು ಮತ್ತೆ ಕರೆಸಿ.