ಮುಂಬಯಿಯ ತೇವದಲ್ಲಿ ತರಕಾರಿ ಕೆಡದಂತೆ: ಹೊಸದಾಗಿ ಬಂದವರಿಗೆ

ಊರಲ್ಲಿ ವಾರಕ್ಕೊಮ್ಮೆ ಸಂತೆಗೆ ಹೋಗಿ ಚೀಲ ತುಂಬಿಸಿ ತರುವ ರೂಢಿಯಿದ್ದರೆ ಇಲ್ಲಿ ಅದನ್ನು ಬಿಡಿ. ಮುಂಬಯಿಯಲ್ಲಿ ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಗೋಡೆಯೇ ಬೆವರುತ್ತದೆ, ಇನ್ನು ಕೊತ್ತಂಬರಿ ಸೊಪ್ಪಿನ ಪಾಡೇನು? 'ಪಾವ್ ಕಿಲೋ' ಎಂದರೆ ಕಾಲು ಕಿಲೋ ತೂಗಿ ಕೊಡುತ್ತಾರೆ, ಸಂಕೋಚ ಬೇಡ. ಸೊಪ್ಪಿನ ಕಟ್ಟಿಗೆ 'ಜೂಡಿ' ಎನ್ನಿ.

ಮೊದಲು ಕೊಳೆಯುವುದು ಸೊಪ್ಪೇ. ಮಾರುವವರು ಬಾಡದಿರಲೆಂದು ನೀರು ಚಿಮುಕಿಸಿರುತ್ತಾರೆ. ತಂದ ಕೂಡಲೇ ದಾರ ಬಿಚ್ಚಿ, ಕೊಳೆತ ಎಲೆ ಆರಿಸಿ, ಅರ್ಧ ಗಂಟೆ ಫ್ಯಾನಿನ ಕೆಳಗೆ ಹರವಿ. ಆಮೇಲೆ ತೆಳು ಹತ್ತಿಬಟ್ಟೆಯಲ್ಲಿ (ಹಳೆಯ ಪಂಚೆಯ ತುಂಡು ಸಾಕು) ಸುತ್ತಿ ಫ್ರಿಜ್ಜಿನಲ್ಲಿಡಿ. ತೊಳೆಯುವುದು ಹೆಚ್ಚುವ ಮುನ್ನ ಮಾತ್ರ. ಹಸಿಮೆಣಸಿನ ತೊಟ್ಟು ಮುರಿದು, ಒಣಗಿದ ಡಬ್ಬಿಗೆ ಹಾಕಿ. ಮಹಾರಾಷ್ಟ್ರದಲ್ಲಿ 2018ರಿಂದ ಪ್ಲಾಸ್ಟಿಕ್ ಚೀಲಕ್ಕೆ ನಿಷೇಧವಿದೆ. ಆದರೂ ಯಾರಾದರೂ ಅದರಲ್ಲೇ ಕೊಟ್ಟರೆ ಮನೆಗೆ ಬಂದೊಡನೆ ಬಿಡಿಸಿ. ಒಳಗೇ ಬೆವತು ರಾತ್ರಿಯೊಳಗೆ ಲೋಳೆಯಾಗುತ್ತದೆ.

ಈರುಳ್ಳಿಯಲ್ಲಿ ಮಾತ್ರ ದಾಸ್ತಾನು ಮಾಡಬಹುದು. ಬೇಸಿಗೆಯಲ್ಲಿ ಕಿತ್ತು ಒಣಗಿಸಿದ ಈರುಳ್ಳಿ ತಾಳುತ್ತದೆ, ಹಾಗಾಗಿ ಇಲ್ಲಿನ ಎಷ್ಟೋ ಮನೆಗಳಲ್ಲಿ ಮಳೆಗಾಲಕ್ಕೆ ಬೇಕಾದದ್ದನ್ನು ಮೇ ತಿಂಗಳಲ್ಲೇ ತಂದಿಡುತ್ತಾರೆ. ದೀಪಾವಳಿಯ ಹೊತ್ತಿಗೆ ಬರುವ ಹೊಸ ಈರುಳ್ಳಿಯಲ್ಲಿ ನೀರು ಹೆಚ್ಚು, ಬೇಗ ಕೆಡುತ್ತದೆ. ಗಾಳಿಯಾಡುವ ಬುಟ್ಟಿಯಲ್ಲಿ ಹರವಿ, ಕಪ್ಪು ಬೂಸ್ಟು ಹಿಡಿದದ್ದನ್ನು ವಾರಕ್ಕೊಮ್ಮೆ ಹೆಕ್ಕಿ ತೆಗೆಯಿರಿ. ಆಲೂಗಡ್ಡೆಯನ್ನು ಅದರೊಂದಿಗೆ ಬೆರೆಸಬೇಡಿ. ಅದಕ್ಕೆ ಕತ್ತಲ ಮೂಲೆ ಬೇಕು. ಬೆಳಕು ಬಿದ್ದು ಹಸಿರಾದದ್ದು ಕಹಿ, ಆರೋಗ್ಯಕ್ಕೂ ಒಳ್ಳೆಯದಲ್ಲ. ಫ್ರಿಜ್ಜಿನಲ್ಲಿಟ್ಟರೆ ಪಿಷ್ಟ ಸಕ್ಕರೆಯಾಗಿ, ಪಲ್ಯ ಸಿಹಿ ಹೊಡೆಯುತ್ತದೆ.

ಸೇಬು, ಮಾಗಿದ ಮಾವು, ಬಾಳೆಹಣ್ಣು ಎಥಿಲೀನ್ ಎಂಬ ಅನಿಲ ಬಿಡುತ್ತವೆ. ಅವುಗಳ ಪಕ್ಕದಲ್ಲಿಟ್ಟ ಸೊಪ್ಪು, ಎಳೆಸೌತೆ ಬೇಗ ಹಳದಿಯಾಗುತ್ತವೆ. ಬಾಳೆಗೊನೆಯನ್ನು ಹೊರಗೆ ನೇತುಹಾಕಿ. ಹಾಪೂಸ್ ಮಾವು ಹುಲ್ಲಿನಲ್ಲೇ ಮಾಗಲಿ, ಹಣ್ಣಾದ ಮೇಲೆ ಫ್ರಿಜ್ಜು.

ಮಾಟುಂಗಾ ಮಾರ್ಕೆಟ್ಟಿನಲ್ಲಿ ಮಂಗಳೂರು ಸೌತೆ ಕಂಡರೆ ನಾಲ್ಕು ಹೆಚ್ಚಿಗೇ ತನ್ನಿ. ಊರಿನಂತೆ ಬಾಳೆನಾರಿನಲ್ಲಿ ಕಟ್ಟಿ ತೂಗುಹಾಕಲು ಫ್ಲಾಟಿನಲ್ಲಿ ಜಂತಿಯಿಲ್ಲ, ನಿಜ. ಮಂಚದಡಿ ಕಾಗದ ಹಾಸಿ, ಒಂದಕ್ಕೊಂದು ತಾಗದಂತಿಟ್ಟರೆ ವಾರಗಟ್ಟಲೆ ಬರುತ್ತದೆ. ಸಿಪ್ಪೆಗೆ ಗೀರು ಬಿದ್ದದ್ದನ್ನು ಮೊದಲು ಕೊದ್ದೆಲ್‌ಗೆ (ಕರಾವಳಿಯ ತೆಂಗಿನಕಾಯಿ ಹುಳಿ) ಹಾಕಿ.